ಪಂಚಮಿಯಂದು ಅಗೆದ ಮಡ್ಡಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು. ಬಸವನ ಬಾಗೇವಾಡಿಗೆ ಹೋಗುವ ಬಸ್ಸು ನಮ್ಮೂರೊಳಗೆ ಬರುತ್ತಿರಲಿಲ್ಲ. ಅಣ್ಣ ದಿನಾ ಸೈಕಲ್ಲಿನಲ್ಲಿ ಕೂರಿಸಿಕೊಂಡು ದೊಡ್ಡ ರಸ್ತೆಯವರೆಗೆ ಬಿಡುತ್ತಿದ್ದ.

ದಾರಿಯಲ್ಲಿ ಮಡ್ಡಿ ಸಿಗುತ್ತಿತ್ತು. ಕರಿಮಣ್ಣಿನ ಹೊಲಗಳ ನಡುವೆ ಎದ್ದ ಕಲ್ಲುನೆಲ. ಅರ್ಧ ದನ ಮೇಯಲು ಬಿಟ್ಟ ಸರ್ಕಾರದ ಗಾಯರಾಣ, ಅರ್ಧ ನಮ್ಮದು, ಅಣ್ಣನ ಹೆಸರಿನಲ್ಲಿ. ಅದನ್ನು ಯಾರೂ ಉತ್ತದ್ದಿಲ್ಲ. ಹುಲ್ಲಿನಲ್ಲಿ ಚಿಗರಿ ಮೇಯುತ್ತಿದ್ದವು. ಬಂಡೆಯ ಸಂದಿಯಲ್ಲಿ ತೋಳ ಮರಿ ಹಾಕುತ್ತಿತ್ತು.

"ಅತ್ಲಾಗ ನೋಡಬ್ಯಾಡ, ಬಾಣಂತಿ ಅದಾಳ," ಎನ್ನುತ್ತ ಅಣ್ಣ ಪೆಡಲು ಜೋರಾಗಿ ತುಳಿಯುತ್ತಿದ್ದ.

ಮದುವೆಯಾಗಿ ಇಂಡಿಗೆ ಬಂದೆ, ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಸರ್ಕಾರದ ಜಾಗವಿರಲಿ, ಪಟ್ಟಾ ಜಮೀನಿರಲಿ, ಅಡವಿಯಾಗಿ ಉಳಿದ ನೆಲವನ್ನು ಗುರುತಿಸಿ ಕಾಯಲು ಕಾಯ್ದೆಯಲ್ಲಿ ದಾರಿಯಿದೆ, ಪಟ್ಟಾ ಇದ್ದರೆ ಮಾಲೀಕ ಒಪ್ಪಬೇಕು ಎಂದು ತಿಳಿದಾಗ ನನಗೆ ಮೊದಲು ನೆನಪಾದದ್ದು ಆ ಮಡ್ಡಿ. ಅಣ್ಣನಿಗೆ ಓದಿ ಹೇಳಿದೆ.

"ಉತ್ತ ಹೊಲ ಇದ್ರ?" ಎಂದ.

"ಅದು ಇದರಾಗ ಬರಂಗಿಲ್ಲಣ್ಣಾ. ನೆಲ ಮುಟ್ಟದಂಗ ಇರಬೇಕು."

"ಇನ್ನೊಮ್ಮಿ ಓದು."

ಓದಿದೆ. ನನಗಾಗಿ ಶಾಲೆ ಬಿಟ್ಟ ಅಣ್ಣ ಇಂದು ನನ್ನ ಬಾಯಿಂದ ಕಾಯ್ದೆ ಕೇಳುತ್ತಿದ್ದಾನೆಂದು ನನಗೆ ಹೆಮ್ಮೆ.

ಗ್ರಾಮಸಭೆಯಲ್ಲಿ ಅವನೇ ಮೊದಲು ಕೈ ಎತ್ತಿದ. "ನಮ್ಮ ತಂಗಿ ಹೇಳಿದ ಮ್ಯಾಲ ಮುಗೀತ್ರಿ!" ಅರ್ಜಿ ಹೋಯಿತು. ಅಧಿಕಾರಿಗಳು ಜಾಗ ನೋಡಲು ಬರುವುದು ನಾಗರ ಪಂಚಮಿಯ ಮರುದಿನ ಎಂದಾಯಿತು. ಅಷ್ಟರಲ್ಲಿ ಯಾವುದೋ ಸೋಲಾರ್ ಕಂಪನಿಯವರು ಮಡ್ಡಿ ನೋಡಿಹೋದ ಸುದ್ದಿ ಕಿವಿಗೆ ಬಿತ್ತು. ಆದರೂ ನಿಶ್ಚಿಂತೆಯಿಂದಿದ್ದೆ. ಒಪ್ಪಿದವನು ನನ್ನ ಅಣ್ಣ. ಮೇಲಾಗಿ ಪಂಚಮಿಯಂದು ನಮ್ಮ ಕಡೆ ಯಾರೂ ನೆಲ ಅಗೆಯುವುದಿಲ್ಲ, ಹಾವಿಗೆ ಪೆಟ್ಟಾದೀತೆಂದು. ಹೊಲದ ಕಡೆ ಸುಳಿಯುವುದೂ ಇಲ್ಲ.

ವಾಡಿಕೆಯಂತೆ ಅಣ್ಣ ಇಂಡಿಗೆ ಬಂದು ಹಬ್ಬಕ್ಕೆ ಕರೆದೊಯ್ದ. ಬೇವಿನ ಮರಕ್ಕೆ ಜೋಕಾಲಿಯನ್ನೂ ಅವನೇ ಕಟ್ಟಿದ. ಅಣ್ಣನ ಹೆಂಡತಿಯ ಜೊತೆ ಜೀಕುವಾಗ ದೂರದಲ್ಲಿ ಯಂತ್ರದ ಸದ್ದು.

"ಏನ್ ವೈನಿ ಅದು?"

"ರೋಡಿನ ಕೆಲಸ ಇರಬೇಕ್ರಿ. ಜೋರ್ ಜೀಕ್ರಿ, ಮೇಡಮ್ಮಾರು ಅಂಜಿದ್ರೇನು?" ವೈನಿ ನಕ್ಕಳು. ನಾನೂ ನಕ್ಕು ಜೋರಾಗಿ ಜೀಕಿದೆ.

ಮರುದಿನ ಮಡ್ಡಿಗೆ ಹೋದರೆ ನಮ್ಮ ಅರ್ಧದಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ಬಂಡೆಗಳನ್ನು ಕಿತ್ತು ಅಂಚಿಗೆ ರಾಶಿ ಹಾಕಿದ್ದರು. ತೋಳದ ಸಂದಿ ಎಲ್ಲಿತ್ತೆಂದು ಕೂಡ ತಿಳಿಯಲಿಲ್ಲ. ಹಸಿಮಣ್ಣಿನ ವಾಸನೆ.

"ಅರ್ಜಿ ಕೊಟ್ಟವ್ರು ಯಾರ್ರಿ? ಇದು ಹಸನ ಮಾಡಿದ ಹೊಲ ಐತಲ್ರಿ!" ಎಂದರು ಅಧಿಕಾರಿ.

"ನಮ್ಮ ತಂಗಿರಿ," ಅಣ್ಣ ಮುಂದೆ ಬಂದ. "ಭಾಳ ಓದ್ಯಾಳ್ರಿ. ಹೊಲ ಯಾವ್ದು, ಅಡವಿ ಯಾವ್ದು, ಗುರ್ತ ಹತ್ತವಲ್ದು ಆಕಿಗಿ."

ಜನ ನಕ್ಕರು. ನಿನ್ನೆಯವರೆಗೆ ಹೀಗಿರಲಿಲ್ಲ ಎಂದು ನಾನು ಹೇಳಿದೆ. ಅಧಿಕಾರಿ ಊರವರ ಮುಖ ನೋಡಿದರು. ಹೌದೆನ್ನಲು ಒಬ್ಬರೂ ಬಾಯಿ ತೆರೆಯಲಿಲ್ಲ. ಉಳಿದ ಗಾಯರಾಣವೊಂದೇ ಸಾಲದೆಂದು ಅವರು ಜೀಪು ಹತ್ತಿದರು.

"ಪಂಚಮಿ ದಿನ ನೆಲಾ ಅಗದಿಯಲ್ಲೋ ಅಣ್ಣಾ."

"ನಾ ಎಲ್ಲಿ ಅಗದ್ನಿ? ಜೆಸಿಬಿ ಡ್ರೈವರ್ ಬ್ಯಾರೆ ರಾಜ್ಯದಾಂವ. ಅಂವಗೆಲ್ಲಿ ಪಂಚಮಿ?" ಮತ್ತೆ ದನಿ ಇಳಿಸಿದ. "ನಿನಗ ಪಗಾರ ಐತಿ, ಮಡ್ಡಿ ಚಂದ ಕಾಣ್ತೈತಿ. ನಾ ಏನ್ ತಿನ್ಲಿ, ಹುಲ್ಲ?"

ಅದನ್ನು ಗ್ರಾಮಸಭೆಯಲ್ಲಿ ಹೇಳಿದ್ದರೆ ಜಗಳವಾಡುತ್ತಿದ್ದೆ, ಸೋಲುತ್ತಿದ್ದೆನೇನೋ. ಆದರೆ ಅವನು ಕೈ ಎತ್ತಿದ, ಜೋಕಾಲಿ ಕಟ್ಟಿದ.

ಈಗ ಅಲ್ಲಿ ತಂತಿಬೇಲಿ, ಅದರೊಳಗೆ ಸೋಲಾರ್ ಹಲಗೆಗಳು. ಈ ಪಂಚಮಿಗೂ ಅಣ್ಣ ಉಂಡಿಯ ಡಬ್ಬಿ ಹಿಡಿದು ಇಂಡಿಗೆ ಬಂದ. ಚಹಾ ಮಾಡಿಕೊಟ್ಟೆ. ಕುಡಿದು, ನನ್ನ ಬ್ಯಾಗಿಗಾಗಿ ಸುತ್ತ ನೋಡಿದ. ನಾನು ತುಂಬಿರಲಿಲ್ಲ.