ಕಡಪ ಕಲ್ಲಿನ ಮೇಲೊಂದು ಗೀರು

"ಅಯ್ಯೋ, ಇದೇನವ್ವ, ನೀರು ನಿಂತಂಗೈತೆ!" ಎನ್ನುತ್ತಾ ರತ್ನಕ್ಕ ನಮ್ಮ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟರು. ಅಟ್ಟದಲ್ಲಿ ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಲು ಅವರು ಪ್ರತಿ ವರ್ಷವೂ ಬರುತ್ತಾರೆ. ಅವರೂ ನಮ್ಮ ಅತ್ತೆಯೂ ಪಡಸಾಲೆಯಲ್ಲಿ ಎದುರುಬದುರು ಕೂತು, ಊರಿನ ಸುದ್ದಿಯೆಲ್ಲ ಮಾತಾಡುತ್ತಲೇ ಕೆಲಸ ಮುಗಿಸುವುದು ರೂಢಿ. ಆ ಸಲ ಹಿಂದಿನ ವಾರವಷ್ಟೇ ನಾನು ಪಡಸಾಲೆಯ ಕಡಪ ಕಲ್ಲಿಗೆ ಮೆಷಿನ್ ಪಾಲಿಶ್ ಹೊಡೆಸಿದ್ದೆ. ಮುಖ ಕಾಣುವಷ್ಟು ಹೊಳಪು ಬಂದಿತ್ತು.

"ಮಚ್ಚು ತಗುಲಿದ್ರೆ ಗೀರು ಬೀಳ್ತದೆ ಕಣವ್ವ, ನಾನು ಆಚೆಗೇ ಕೂತ್ಕತೀನಿ" ಎಂದು ರತ್ನಕ್ಕ ಅಂಗಳದ ಬಿಸಿಲಿಗೆ ಹೊರಟರು. ಬೇಡ, ಒಳಗೇ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಅತ್ತೆ ಎದ್ದು ಬಂದವರೇ ರತ್ನಕ್ಕನ ಕೈಯಿಂದ ಮಚ್ಚು ಕಿತ್ತುಕೊಂಡರು. ಪಡಸಾಲೆಯ ನಟ್ಟನಡುವೆ ಕೂತು, ಒಂದು ಕಾಯಿಯನ್ನು ಬರಿಯ ನೆಲದ ಮೇಲಿಟ್ಟು ಏಟು ಹಾಕಿದರು. ಚಿಪ್ಪು ಒಡೆಯಿತು. ಮಚ್ಚು ಜಾರಿ ಕಲ್ಲಿನ ಮೇಲೆ ಗೇಣುದ್ದದ ಬಿಳಿ ಗೀರೂ ಬಿತ್ತು.

"ಬಿತ್ತಲ್ಲ ಗೀರು, ಇನ್ನೇನು? ಬಾರೇ ರತ್ನ, ಕೂತ್ಕ" ಎಂದರು.

ಆ ನೆಲವನ್ನು ಈಗಲೂ ವಾರಕ್ಕೊಮ್ಮೆ ಒರೆಸಿ, ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ತಿಕ್ಕುತ್ತೇನೆ. ಮನೆಗೆ ಬಂದ ನೆಂಟರು ಗೀರು ನೋಡಿ, ಪಾಲಿಶ್‌ನವನನ್ನು ಇನ್ನೊಮ್ಮೆ ಕರೆಸಿ ಎನ್ನುತ್ತಾರೆ. ರತ್ನಕ್ಕ ಮಾತ್ರ ಬಂದಾಗಲೆಲ್ಲ ಸೀದಾ ಒಳಗೆ ನಡೆದು ಅದರ ಪಕ್ಕದಲ್ಲೇ ಕೂರುತ್ತಾರೆ.