ನನ್ನನ್ನು ಲೀಡರ್ ಮಾಡಿದ ವರ್ಷ

ನಮ್ಮ ಕೋಣೆ ಬಾಗಿಲು ಹಾಕಿದ ವರ್ಷವೇ ನಾನು ಲೀಡರ್ ಆದದ್ದು. ನಗಬೇಡಿ, ಸರ್ಟಿಫಿಕೇಟ್ ಇದೆ, ಗಾಜು ಹಾಕಿಸಿಯೇ ಕೊಟ್ಟಿದ್ದಾರೆ. ಹೊನ್ನಾವರದ ನಮ್ಮ ಮನೆಯಲ್ಲಿ ಅದನ್ನು ಗೋಡೆಗೆ ಹಾಕುವ ಮನಸ್ಸಾಗದೆ ಕಪಾಟಿನ ಹಿಂದೆ ಸರಿಸಿ ಇಟ್ಟಿದ್ದೇನೆ. ಅಮ್ಮ ಕಸ ಗುಡಿಸುವಾಗ ಅದನ್ನು ಹೊರಗೆ ತೆಗೆದು, ಸೆರಗಿನಲ್ಲಿ ಒರೆಸಿ, "ಇದ್ಕೊಂದು ಮೊಳೆ ಹೊಡೂಕೆ ಎಂತ ಆಗ್ತದೆ ನಿಂಗೆ?" ಅನ್ನುತ್ತಾಳೆ. ನಾನು ಸಿಡುಕುತ್ತೇನೆ. ಅವಳು ಮತ್ತೆ ಹಿಂದಕ್ಕೇ ಇಡುತ್ತಾಳೆ.

ಕೋಣೆ ಅಂದರೆ ಭಟ್ಕಳದ ಒಂದು ಬಾಡಿಗೆ ಮನೆಯ ಮುಂಭಾಗ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಬೆಳಿಗ್ಗೆ ವ್ಯಾನಿನಲ್ಲಿ ಕರೆತಂದು ಸಂಜೆ ಮನೆಗೆ ಬಿಟ್ಟು ಬರುವ ಜಾಗ. ಶುರು ಮಾಡಿದವರು ನಿವೃತ್ತ ಮಾಸ್ತರೊಬ್ಬರು. ಸಂಸ್ಥೆಗೆ ದೊಡ್ಡ ಹೆಸರು, ಬೋರ್ಡು ಎಲ್ಲ ಇತ್ತು. ದುಡಿಯುವ ಜನ ಮಾತ್ರ ಮೂವರೇ: ಮಾಸ್ತರು, ನಾನು, ಮತ್ತೆ ನಾವೆಲ್ಲ ಚಾಚಾ ಅನ್ನುತ್ತಿದ್ದ ವ್ಯಾನಿನ ಡ್ರೈವರು. ಚಾಚಾ ತನ್ನ ನವಾಯತಿ ಭಾಷೆಯಲ್ಲಿ ಬೈಯುತ್ತ ಬೈಯುತ್ತಲೇ ಒಂದೊಂದು ಮಗುವನ್ನೂ ಎತ್ತಿ ಸೀಟಿನಲ್ಲಿ ಕೂರಿಸುತ್ತಿದ್ದ.

ತೆಂಗಿನಗುಂಡಿಯ ಹುಡುಗಿ ಆ ಮಕ್ಕಳಲ್ಲಿ ಒಬ್ಬಳು. ಅವಳಿಗೆ ಮಾತಿಲ್ಲ, ಭಯವೂ ಇಲ್ಲ. ಕಡಲು ಕಂಡರೆ ಅಂಗಳಕ್ಕೆ ಇಳಿದ ಹಾಗೆ ಸೀದಾ ಒಳಗೆ ನಡೆದುಬಿಡುವವಳು. ಅಪ್ಪ ಗೋವಾ ಕಡೆ ಬೋಟಿನಲ್ಲಿ. ಮನೆ ನಡೆಯಬೇಕಾದರೆ ತಾಯಿ ಬಂದರದಲ್ಲಿ ಮೀನು ಆರಿಸುವ ಕೆಲಸಕ್ಕೆ ಹೋಗಲೇಬೇಕು. ನಾನು ಮೊದಲ ಸಲ ಆ ಮನೆಗೆ ಹೋದಾಗ ಬಾಗಿಲು ಮುಂದೆ ಮಾಡಿತ್ತು. ದೂಡಿದೆ. ಒಳಗಿನ ಕಂಬಕ್ಕೆ ಒಂದು ಹಳೇ ಸೀರೆಯ ತುಂಡು ಕಟ್ಟಿತ್ತು. ಅದರ ಇನ್ನೊಂದು ತುದಿ ಮಗುವಿನ ಕಾಲಿಗಿತ್ತು. ಪಕ್ಕದಲ್ಲಿ ಬಟ್ಟಲಲ್ಲಿ ಗಂಜಿ, ಗಂಜಿಯ ಮೇಲೆ ನೊಣ.

ಯಾರೋ ಹೇಳಿರಬೇಕು, ತಾಯಿ ಬಂದರದಿಂದ ಓಡುತ್ತ ಬಂದಳು. ಕೈ ತುಂಬ ಮೀನಿನ ಹುರುಪೆ. ನನ್ನನ್ನು ನೋಡಿದವಳೇ ಹಣೆ ಹಣೆ ಬಡಿದುಕೊಂಡಳು. "ಕಟ್ಟದೇ ಹೋದ್ರೆ ಕಡ್ಲಿಗೆ ಹೋಗ್ತದೆ, ಕಟ್ಟಿಟ್ರೆ ಪಾಪ ತಟ್ತದೆ, ನಾ ಎಂತ ಮಾಡ್ಲಿ ಹೇಳಿ ಅಕ್ಕೋರೇ? ಊರಲ್ಲಿ ಯಾರಿಗೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೆ." ಮಗುವಿನ ತಲೆ ಮುಟ್ಟಿ ಹೇಳುವುದಿಲ್ಲ ಅಂತ ಆಣೆ ಮಾಡಿದೆ. ಮರುದಿನ ಬೆಳಿಗ್ಗೆಯೇ ಚಾಚಾ ಆ ಮನೆ ಮುಂದೆ ವ್ಯಾನು ನಿಲ್ಲಿಸಿದ.

ನಮ್ಮ ಕೋಣೆಯಲ್ಲಿ ಮೊದಲ ಪಾಠ ಅಆಇಈ ಅಲ್ಲ, ಚಪ್ಪಲಿ. ಹೊರಡುವ ಹೊತ್ತಾದರೆ ಬಾಗಿಲ ಹತ್ತಿರ ಕೂತು ಕಾಲು ಮುಂದೆ ಚಾಚಬೇಕು. ನಾವು ಚಪ್ಪಲಿ ಹಾಕಿಸುತ್ತೇವೆ, ಆಮೇಲೆ ವ್ಯಾನು. ಇದಿಷ್ಟು ಕಲಿಯಲು ಆ ಹುಡುಗಿಗೆ ಒಂದು ಮಳೆಗಾಲವಿಡೀ ಹಿಡಿಯಿತು. ಮೊದಲ ಸಲ ತಾನಾಗಿಯೇ ಬಂದು ಕೂತು ಕಾಲು ಚಾಚಿದ ದಿನ ಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನಂತೂ ಅತ್ತೇಬಿಟ್ಟೆ. ಆ ಸಂಜೆ ಚಾಚಾ ಎಲ್ಲರಿಗೂ ಖರ್ಜೂರ ಹಂಚಿದ.

ಆಮೇಲೆ ನಮಗೆ ದೇಣಿಗೆ ಕೊಡುತ್ತಿದ್ದವರು ಕೊಡುವುದು ನಿಲ್ಲಿಸಿದರು. ಮಾಸ್ತರ ಪೆನ್ಷನ್ನೇ ಬಾಡಿಗೆಗೆ ಹೋಗತೊಡಗಿತು. ಅಂಥ ಹೊತ್ತಿನಲ್ಲಿ ಒಂದು ದೊಡ್ಡ ಕಂಪನಿಯ ಸಿಎಸ್‌ಆರ್ ಯೋಜನೆಯ ಸುದ್ದಿ ಬಂತು. ಸೇವಾಸಂಸ್ಥೆಗಳಲ್ಲಿರುವ 'ಉದಯೋನ್ಮುಖ ನಾಯಕ'ರನ್ನು ಹುಡುಕಿ ಬೆಳೆಸುತ್ತಾರಂತೆ. ಮಾಸ್ತರು ನನ್ನ ಹೆಸರು ಕಳಿಸಿದರು, ಆಯ್ಕೆಯೂ ಆತು. ಕುಣಿದಾಡಿದೆವು! ಆಮೇಲೆ ಕೂತು ಓದಿದರೆ ಎಂತ? ದುಡ್ಡು ನನ್ನ ಸಂಬಳಕ್ಕೆ, ನನ್ನ ತರಬೇತಿಗೆ, ನನ್ನ ಓಡಾಟಕ್ಕೆ. ಕೋಣೆಗೆ ಇಲ್ಲ, ವ್ಯಾನಿಗೆ ಇಲ್ಲ, ಮಕ್ಕಳಿಗೆ ಒಂದು ಬಿಸ್ಕತ್ತಿಗೂ ಇಲ್ಲ. ನಡೆಸಲು ಏನೂ ಉಳಿಯದಿದ್ದರೂ ನಡೆಸುವವಳು ಮಾತ್ರ ತಯಾರಾಗಬೇಕು. ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯಿತು.

"ಇರಲಿ ತಂಗೀ," ಅಂದರು ಮಾಸ್ತರು. "ಎರಡನೇ ವರ್ಷಕ್ಕೆ ಕೋಣೆಯ ಖರ್ಚನ್ನೂ ಕೊಡುವ ಅವಕಾಶ ಉಂಟು ಅಂತ ಬರೆದಿದ್ದಾರೆ. ಬಂದು ನೋಡ್ತಾರಂತೆ, ಯಾರಿಗೆ ಹೆಚ್ಚು ಅಗತ್ಯವೋ ಅವರಿಗೆ ಕೊಡ್ತಾರಂತೆ. ಅಲ್ಲಿವರೆಗೆ ಹೇಗಾದ್ರೂ ದೂಡುವ." ನಮ್ಮೆಲ್ಲರ ಜೀವ ಆ ಒಂದು ಮಾತಿಗೆ ಜೋತುಬಿದ್ದಿತ್ತು.

ತರಬೇತಿ ಕುಮಟಾದ ಹತ್ತಿರ ಒಂದು ಹೋಟೆಲಿನಲ್ಲಿ. ಎಸಿಯ ಚಳಿಗೆ ಶಾಲು ಹೊದ್ದು ಕೂತು, ಗೋಡೆಗೆ ಬಣ್ಣದ ಚೀಟಿ ಅಂಟಿಸುತ್ತಿದ್ದೆ. ಒಂದು ದಿನ ಯಾಣಕ್ಕೆ ಕರೆದೊಯ್ದರು. ಒಬ್ಬರ ಕಣ್ಣಿಗೆ ಬಟ್ಟೆ, ಇನ್ನೊಬ್ಬರು ಕೈಹಿಡಿದು ದಾರಿ ತೋರಿಸಬೇಕು. ನಂಬಿಕೆಯ ಪಾಠವಂತೆ. ದೇವರಿಗೆ ಹೊರಟ ಒಬ್ಬ ಅಜ್ಜಿ ನನ್ನನ್ನು ನೋಡಿ, "ಅಯ್ಯೋ ಪಾಪ, ಹುಟ್ಟಿದಾಗಿಂದ್ಲೇ ಕಾಣೂದಿಲ್ಯಾ?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಚಾಚಾನ ಫೋನು ಬಂತು. ವ್ಯಾನು ಹೆದ್ದಾರಿಯಲ್ಲಿ ನಿಂತುಬಿಟ್ಟಿದೆ, ಮಕ್ಕಳು ಬಿಸಿಲಲ್ಲಿದ್ದಾರೆ, ನೀವು ಎಲ್ಲಿದ್ದೀರಿ? ಎಲ್ಲಿದ್ದೇನೆ ಅಂತ ಹೇಳಲಿ! ಕಾಡಿನ ನಡುವೆ ಕಣ್ಣು ಕಟ್ಟಿಕೊಂಡು ನಿಂತಿದ್ದೇನೆ ಅನ್ನಲಾ?

ಕೊನೆಯ ತರಬೇತಿಯಲ್ಲಿ ಹೇಳಿಕೊಟ್ಟದ್ದು ಕತೆ ಹೇಳುವುದು. "ಅಂಕಿಅಂಶ ಯಾರಿಗೂ ನೆನಪಿರೋದಿಲ್ಲ. ಒಂದು ಮಗು, ಒಂದು ಕತೆ. ನಾಯಕರು ಅದನ್ನು ಹೇಳಬೇಕು. ನಿಮ್ಮ ಹತ್ತಿರ ಇದೆಯಾ?" ಅಂತ ತರಬೇತಿ ಕೊಡುವ ಕಂಪನಿಯ ಮೇಡಂ ನನ್ನನ್ನೇ ಕೇಳಿದರು. ಇತ್ತು. ಗಂಟಲವರೆಗೂ ಬಂದಿತ್ತು. ಮಗುವಿನ ತಲೆ ಮುಟ್ಟಿದ ಕೈ ನೆನಪಾಗಿ ನುಂಗಿಕೊಂಡೆ. ಯೋಚನೆ ಮಾಡಿ ಹೇಳುತ್ತೇನೆ ಅಂದೆ.

ಅವರು ನೋಡಲು ಬರುವ ದಿನ ಗೊತ್ತಾದಾಗ ತಾಯಂದಿರನ್ನೆಲ್ಲ ಕೂರಿಸಿ ಬೇಡಿಕೊಂಡೆ. "ಎಂತದೂ ಮಾಡ್ಬೇಡಿ. ಇದ್ದದ್ದು ಇದ್ದ ಹಾಗೆ ಇರ್ಲಿ. ಸೋರುವ ಮಾಡು ಸೋರ್ಲಿ, ವ್ಯಾನು ಗ್ಯಾರೇಜಿನಲ್ಲೇ ಇರ್ಲಿ. ಕೇಳಿದ್ರೆ ನಿಜ ಹೇಳಿ." ಎಲ್ಲರೂ ಆತು ಆತು ಅಂದರು.

ಅಂದವರು ಯಾರು? ಮನೆಯಲ್ಲಿ ಸಕ್ಕರೆ ಇಲ್ಲದಿದ್ದರೆ ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಓಡಿ ತಂದು, ಮುಂದಿನ ಬಾಗಿಲಲ್ಲಿ ನಗುನಗುತ್ತ ಚಾ ಕೊಡುವ ಜನ. ಬಂದವರ ಎದುರು 'ಇಲ್ಲ' ಅನ್ನುವ ಮಾತು ನಮ್ಮ ಕಡೆ ಬಾಯಿಗೇ ಬರುವುದಿಲ್ಲ. ಅವತ್ತು ಬೆಳಿಗ್ಗೆ ಬಸ್ಸಿಳಿದು ನೋಡುತ್ತೇನೆ, ಕೋಣೆಗೆ ಹೊಸ ಸುಣ್ಣ! ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿ ನಿಂತಿದ್ದಾರೆ. ಯಾರದೋ ಮದುವೆ ಮನೆಯಿಂದ ಕೆಂಪು ಕುರ್ಚಿಗಳು ಬಂದಿವೆ. ಚಾಚಾ ತನ್ನ ದುಬೈ ಅಳಿಯನ ಹೊಸ ಕಾರು ಇಸಕೊಂಡು ಬಂದು ಅದರಲ್ಲಿ ಮಕ್ಕಳನ್ನು ಇಳಿಸುತ್ತಿದ್ದಾನೆ. ತೆಂಗಿನಗುಂಡಿಯ ತಾಯಿ ಯಾರದೋ ರೇಷ್ಮೆ ಸೀರೆ ಉಟ್ಟು, ದುಬಾರಿ ಇಸ್ವಾಣ ಮೀನಿನ ಸಾರಿನ ದೊಡ್ಡ ಪಾತ್ರೆ ಹೊತ್ತು ತಂದಿದ್ದಾಳೆ. ಅವಳು ಇಸ್ವಾಣ ತಿಂದು ಯಾವ ಕಾಲವಾಗಿತ್ತೋ.

"ನಿಮಗೆಲ್ಲ ತಲೆ ಸಮ ಇದ್ಯಾ?" ಅಂತ ಕೂಗಿದೆ. ಮಾಸ್ತರು ನನ್ನ ಕೈ ಹಿಡಿದು ಆಚೆ ಕರೆದರು. "ಬೇಡಲಿಕ್ಕೆ ನಿಂತವರ ಹಾಗೆ ಹೇಗೆ ನಿಲ್ಲೂದು ತಂಗೀ? ಮರ್ಯಾದೆ ಅಂತ ಒಂದು ಉಂಟಲ್ಲ." ಮೈ ಉರಿಯಿತು. ಆದರೆ ಕಂಪನಿಯವರ ಕಾರು ಅಷ್ಟರಲ್ಲಿ ಬಾಗಿಲಿಗೇ ಬಂದಿತ್ತು.

ಬಂದವರು ಅದೇ ಮೇಡಂ, ಜೊತೆಗೊಬ್ಬರು ಸಾಹೇಬರು. ಒಳ್ಳೆಯ ಜನ, ಸುಳ್ಳು ಹೇಳಬಾರದು. ನೆಲದ ಮೇಲೆ ಮಕ್ಕಳ ಜೊತೆ ಕೂತರು. ಊಟ ಹೊಗಳಿದರು. ಆಮೇಲೆ ಮೇಡಂ ತೆಂಗಿನಗುಂಡಿಯ ತಾಯಿಯ ಕಡೆ ತಿರುಗಿ, "ಅಮ್ಮಾ, ಈ ಸೆಂಟರ್ ಇಲ್ಲದಿದ್ದರೆ ನಿಮ್ಮ ಮಗಳನ್ನ ಏನು ಮಾಡ್ತಿದ್ರಿ?" ಅಂತ ಕೇಳಿದರು. ಇಡೀ ವರ್ಷ ನಾನು ಕಾದಿದ್ದ ಪ್ರಶ್ನೆ ಅದು.

"ಎಂತ ಮಾಡೂದು? ಮನೇಲೇ ನೋಡ್ಕಳ್ತಿದ್ದೆ," ಅಂದಳು ಅವಳು. "ನಮ್ಗೆ ಎಂತ ತೊಂದ್ರೆ ಇಲ್ಲ. ಎಲ್ಲ ಚಲೋ ನಡೀತದೆ." ಹಾಗೆಂದು ತಲೆ ಎತ್ತಿ ನನ್ನ ಕಡೆ ಒಂದು ಸಲ ನೋಡಿದಳು. ನೆಟ್ಟ ಕಣ್ಣು. ಆಣೆ ನೆನಪು ಮಾಡಿಕೊಡುತ್ತಿದ್ದಾಳೆ ಅಂದುಕೊಂಡೆ. ರೇಷ್ಮೆ ಸೀರೆ ಉಟ್ಟು ನಿಂತವಳನ್ನು ನಾಲ್ಕು ಜನರ ಎದುರು ಹೇಗೆ ಬಿಚ್ಚಿ ಇಡಲಿ? ಮೇಡಂ ನನ್ನನ್ನೂ ಕೇಳಿದರು, "ನೀವೇನಾದ್ರೂ ಸೇರಿಸ್ತೀರಾ?" ನಾನು ಸೌಟು ಎತ್ತಿಕೊಂಡು, "ಇನ್ನೊಂದು ತುಂಡು ಮೀನು ಹಾಕ್ಲಾ ಮೇಡಂ?" ಅಂದೆ.

ಕೆಲವು ವಾರದ ಮೇಲೆ ಫೋನು ಬಂತು. "ನಿಮ್ಮದು ಮಾದರಿ ಕೇಂದ್ರ ಕಣ್ರೀ. ಊರೇ ಎತ್ತಿ ಹಿಡಿದಿದೆ, ನಿಮ್ಮ ಕಾಲ ಮೇಲೆ ನೀವು ನಿಂತಿದ್ದೀರಿ. ನಮ್ಮ ದುಡ್ಡು ಇನ್ನೂ ಕಷ್ಟದಲ್ಲಿರೋರಿಗೆ ಹೋಗಬೇಕು, ಅಲ್ವಾ?" ಕಾರು ನಮ್ಮದಲ್ಲ ಮೇಡಂ, ಕುರ್ಚಿ ನಮ್ಮದಲ್ಲ, ಸೀರೆ ಕೂಡ ಅವಳದಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಮೆತ್ತಗೆ ನಕ್ಕರು. ಫಲಿತಾಂಶ ಬಂದ ಮೇಲೆ ಎಲ್ಲರೂ ಹೀಗೇ ಹೇಳುತ್ತಾರಂತೆ. ಕುಮಟಾದಲ್ಲಿ ಸಮಾರಂಭ ಮಾಡಿ ಸರ್ಟಿಫಿಕೇಟ್ ಕೊಟ್ಟರು. ನಾನು ವೇದಿಕೆ ಹತ್ತಿದೆ, ಫೋಟೋಗೆ ಹಲ್ಲು ತೋರಿಸಿದೆ.

ಮಳೆ ಶುರುವಾಗುವ ಮೊದಲೇ ಕೋಣೆ ಮುಚ್ಚಿತು. ಚಾಚಾ ವ್ಯಾನಿನ ಸೀಟುಗಳನ್ನೆಲ್ಲ ಒರೆಸಿ ಕೀಲಿಕೈ ಮಾಸ್ತರ ಕೈಯಲ್ಲಿಟ್ಟ. ಮಾಸ್ತರು ಬಾಗಿಲಿಗೆ ಬೀಗ ಹಾಕಿ, ಮತ್ತೆ ತೆಗೆದು, ಒಳಗೆ ಹೋಗಿ ಫ್ಯಾನು ಆರಿಸಿದೆನಾ ನೋಡಿ ಬಂದರು. ಫ್ಯಾನು ಆಗಲೇ ಆರಿತ್ತು. ನಾನು ಹೊನ್ನಾವರದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದೆ.

ರಜೆ ಸಿಕ್ಕ ಒಂದು ದಿನ ತಡೆಯಲಾಗದೆ ತೆಂಗಿನಗುಂಡಿಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು. ಅದೇ ಕಂಬ, ಅದೇ ಹಳೇ ಸೀರೆಯ ತುಂಡು. ಮಗು ಬೆಳೆದಿದ್ದಳು, ಕಾಲು ಬೆಳೆದಿತ್ತು. ಬಿಗಿದ ಗಂಟನ್ನು ಹಲ್ಲಿನಿಂದ ಬಿಚ್ಚಿದೆ. ತಾಯಿ ಕೆಲಸಕ್ಕೆ ಹೊರಡುವವಳು, ಹಿತ್ತಲಿಂದ ಬಂದು ನೋಡಿದಳು. ಈ ಸಲ ಹಣೆ ಬಡಿದುಕೊಳ್ಳಲಿಲ್ಲ. ಒಂದು ಲೋಟ ನೀರು ತಂದು ಕೊಟ್ಟಳು.

"ಮಾರಾಯ್ತಿ, ಅವತ್ತು ಒಂದು ಮಾತು ನಿಜ ಹೇಳ್ಬಾರ್ದಿತ್ತಾ ನೀನು?" ಅಂದೆ. ಸಿಟ್ಟು, ಅಳು ಎಲ್ಲ ಒಟ್ಟಿಗೇ ಬಂದಿತ್ತು.

ಅವಳು ನನ್ನನ್ನೇ ನೋಡಿದಳು. ಅದೇ ನೆಟ್ಟ ಕಣ್ಣು. "ನನ್ನ ಮಗೂನ ಕಟ್ಟಿಡ್ತಿದ್ದೆ ಅಂತ ನಾ ಹ್ಯಾಂಗೆ ಹೇಳ್ಲಿ ಅಕ್ಕೋರೇ, ನನ್ನ ಬಾಯಲ್ಲಿ? ನೀವು ಹೇಳ್ತ್ರಿ ಅಂದ್ಕಂಡು ನಿಮ್ಮ ಮುಖ ನೋಡ್ದೆ. ನೀವು ಮೀನು ಬಡಿಸೂಕೆ ಹೋದ್ರಿ."

"ಯಾರಿಗೂ ಹೇಳ್ಬೇಡಿ ಅಂತ ಕಾಲಿಗೆ ಬಿದ್ದವಳು ನೀನೇ ಅಲ್ದಾ?"

"ಊರವ್ರಿಗೆ ಹೇಳ್ಬೇಡಿ ಅಂದಿದ್ದೆ," ಅಂದಳು ಮೆಲ್ಲಗೆ. "ಅವ್ರು ನಮ್ಮ ಊರವ್ರಾ?"

ಬಂದರದ ಕಡೆಯಿಂದ ಯಾರೋ ಅವಳನ್ನು ಕೂಗಿದರು, ಬೋಟು ಬಂದಿತ್ತು. ಅವಳು ಬುಟ್ಟಿ ಎತ್ತಿಕೊಂಡು, "ನಿಮ್ಮ ಬಸ್ಸಿನ ಹೊತ್ತಿಗೆ ಎದ್ದು ಹೋಗಿ. ಹೋಗೂವಾಗ ಕಟ್ಟಿಟ್ಟು ಹೋಗಿ ಅಕ್ಕೋರೇ, ಮರೀಬೇಡಿ. ಕಡಲು ಜೋರಿದ್ದು," ಅಂದು ಹೋದಳು.

ಮಗು ನನ್ನ ಬೆರಳು ಹಿಡಿದು ತುಂಬ ಹೊತ್ತು ಕೂತಿತ್ತು. ಬಸ್ಸಿನ ಹೊತ್ತಾಯಿತು. ನಾನು ಎದ್ದು ಬ್ಯಾಗು ಹೆಗಲಿಗೆ ಹಾಕಿದೆ, ಸೀರೆಯ ತುಂಡು ಕೈಗೆ ತೆಗೆದುಕೊಂಡೆ. ನಾನು ಹೊರಟಿದ್ದು ನೋಡಿ ಅವಳ ಮುಖ ಅರಳಿತು. ಓಡಿ ಬಂದು ಬಾಗಿಲ ಹತ್ತಿರ ಕೂತು, ನಾವು ಕಲಿಸಿದ ಹಾಗೆಯೇ, ಕಾಲು ಮುಂದೆ ಚಾಚಿದಳು.