ಶಲವಡಿಯ ಹೊಲದಲ್ಲಿ ಬಯಕೆ ಊಟ

ಬೆಳೆ ಹೊತ್ತ ಭೂಮಿತಾಯಿಗೆ ಹೊಲದ ತುಂಬ ಕಡಬು ಚೆಲ್ಲಿ ಬಯಕೆ ಉಣಿಸುವ ಸೀಗಿ ಹುಣ್ಣಿಮೆಗೆಂದು ಶಲವಡಿಗೆ, ಅಕ್ಕನ ಮನೆಗೆ ಬಂದಿದ್ದೇನೆ. ಹೊಲದ ಬನ್ನಿಗಿಡದ ನೆರಳಲ್ಲಿ ಕಡಬಿನ ಬುಟ್ಟಿ ಬಿಚ್ಚುತ್ತಿದ್ದಾಗ ಅಕ್ಕ ಏದುಸಿರು ಬಿಡುತ್ತ ಬಂದಳು. "ನಮ್ಮ ಮಾವನಾರು ಚರಗ ಚೆಲ್ಲಾಕ ಹುಲ್ಲಾಗ ಹೊಂಟಾರ ಬೇ."

ಹೊಲದ ಮೂಲೆಯ ಆ ಹುಲ್ಲಿನಲ್ಲಿ ಎರೆಭೂತ ಹಕ್ಕಿ ತತ್ತಿಯ ಮೇಲೆ ಕುಂತಿದೆ. ಮೊಣಕಾಲಿಗಿಂತ ಎತ್ತರದ ಹಕ್ಕಿ, ಈಗ ಕಾಣುವುದೇ ಅಪರೂಪ. ಅದು ಬೆದರಿ ತತ್ತಿ ಬಿಟ್ಟುಹೋದೀತೆಂದು ಭಾವ ಅಲ್ಲಿ ಕುಡಗೋಲು ಹಚ್ಚಿಲ್ಲ, ದನ ಬಿಟ್ಟಿಲ್ಲ. ಯಾರೂ ಹೇಳಿದ್ದಲ್ಲ, ತಾವೇ ಮನಸು ಮಾಡಿದ್ದು. "ಹಕ್ಕಿ ಬಾಣಂತನ ಹೆಂಗ ನಡದೈತ್ರಿ?" ಎಂದು ಊರವರು ಕೆಣಕುತ್ತಾರೆ.

ಬುಟ್ಟಿ ಬಿಟ್ಟು ಓಡಿ ಹುಲ್ಲಿಗೆ ಅಡ್ಡ ನಿಂತೆ. ಮಾವನವರ ಬೆನ್ನಿಗೆ ಮನೆಮಂದಿಯೆಲ್ಲ ಚರಗದ ಕೂಗು ಹಾಕುತ್ತ ಹೊರಟಿದ್ದರು. ಅಪ್ಪನಿಗೆ ಎದುರಾಡಲಾರದೆ ಭಾವ ನೆಲ ನೋಡುತ್ತ ನಿಂತಿದ್ದರು.

"ಒಂದ್ ಮೂಲಿ ಬಿಟ್ರೂ ಭೂಮಿತಾಯಿ ಬಯಕಿ ಅರ್ಧಾ ಉಳೀತೈತಿ. ಬಾಜೂಕ ಸರಿಯವಾ" ಎಂದರು ಮಾವನವರು.

ನಾನು ಸರಿಯಲಿಲ್ಲ. "ಬಸರಿ ಭೂಮಿಗೆ ಕಡಬು ಉಣಸಾಕ ಬಂದು, ತತ್ತಿ ಕಾಯಾಕಿನ್ನ ತುಳದು ಎಬ್ಬಸ್ತೀರೇನ್ರಿ ಮಾಮಾರ? ಆ ಕಡಬು ಯಾವ ತಾಯಿ ಬಾಯಿಗೆ ಇಳದೀತು?"

ಕೂಗು ನಿಂತಿತು. ಮಾವನವರು ನನ್ನನ್ನು ದಿಟ್ಟಿಸಿದರು. ಆಮೇಲೆ ಬದುವಿನ ಮೇಲೆಯೇ ಒಂದು ಕಡಬಿಟ್ಟು, ಕೈಮುಗಿದು, ಸುತ್ತುಹಾಕಿ ಹೋದರು. ಹುಲ್ಲಿನಿಂದ ಉದ್ದನೆಯ ಕುತ್ತಿಗೆಯೊಂದು ಎದ್ದು ನೋಡಿ, ಮತ್ತೆ ಕೆಳಗಿಳಿಯಿತು. ಶಿವನೇ, ಇವತ್ತಿಗೆ ಇಷ್ಟು ಸಾಕು.

ದಿನಾ ಕಾದ ಭಾವನ ಕಷ್ಟ ಒಂದು ಪೂಜೆಯಲ್ಲಿ ಮಣ್ಣುಪಾಲಾಗುತ್ತಿತ್ತಲ್ಲ ಎಂಬ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

"ಏನವಾ, ನಮಗರ ಉಣ್ಣಾಕ ಕೊಡ್ತೀಯೋ ಇಲ್ಲೋ?" ಎಂದು ಮಾವನವರು ಗಿಡದ ಕೆಳಗೆ ಕುಂತರು.

ಬುಟ್ಟಿ ಬಿಚ್ಚಿ ಮೊದಲ ಕಡಬು ಅವರಿಗೇ ಬಡಿಸಿದೆ, ತುಪ್ಪ ಹಾಕಿ.